ಕೊರಮೀನು ಬಿಟ್ಟುಕೊಂಡು ಜಿಲೇಬಿ ಮೀನಿನ ಕಾಟ ತಪ್ಪಿಸಿದ್ದು: ನನ್ನ ಅನುಭವ

ಬೇರೆ ಮೀನಿನ ಮರಿ ತಿನ್ನುವ ಕೊರಮೀನು ಇರುವ ಕೆರೆಗೆ ಸಾಕುವ ಮೀನು ಕಾಟ್ಲಾದ ಮರಿ ಬಿಡುವವನು ಹುಚ್ಚ ಅಂತ ನಮ್ಮ ಕೋಲಾರದ ಕಡೆ ಎಲ್ಲರೂ ಹೇಳುತ್ತಾರೆ. ನಮ್ಮ ಮೀನುಗಾರರ ಸಂಘದಲ್ಲೂ ಹೇಳಿದರು. ಈಗ ಅದೇ ಜನ ಫೋನ್ ಮಾಡಿ "ಅಣ್ಣಾ, ಆ ಜಾಲಿ ಮುಳ್ಳು ಎಷ್ಟು ಆಳಕ್ಕೆ ಹಾಕಿದ್ರಿ?" ಅಂತ ಕೇಳುತ್ತಾರೆ. ಒಂದೊಂದು ಫೋನಿಗೂ ಅರ್ಧ ಗಂಟೆ ಹೋಗುತ್ತೆ, ಅದಕ್ಕೇ ಬರೆದುಬಿಡೋಣ ಅಂತ ಕೂತೆ.

2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಡುವ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆಮೇಲೆ ಒಂದೊಂದೇ ತುಂಬಿ ನಮ್ಮ ಕೆರೆಗೂ ಬಂತು. ಅದಕ್ಕೆ ಮುಂಚೆ ಬೇಸಿಗೆಗೆ ಕೆರೆ ಒಣಗುತ್ತಿತ್ತು, ಹಾಗಾಗಿ ಇದ್ದಬದ್ದ ಮೀನೆಲ್ಲ ಬಳಿದುಕೊಳ್ಳುವುದೇ ರೂಢಿ. ನೀರು ನಿಂತರೂ ರೂಢಿ ಹೋಗಲಿಲ್ಲ. ಒಂದಿಂಚು ಕಣ್ಣಿನ ಬಲೆ ಎಳೆದೂ ಎಳೆದೂ ಕೊರಮೀನು ಹೋಯಿತು, ಸಣ್ಣಪುಟ್ಟ ನಾಟಿ ಮೀನು ಹೋದವು. ಉಳಿದದ್ದು ಜಿಲೇಬಿ, ಅಂದರೆ ತಿಲಾಪಿಯಾ ಮೀನು. ಅಂಗೈ ಅಗಲ ಆಗುವ ಮೊದಲೇ ಮರಿ ಮಾಡುತ್ತೆ, ಆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಕೆರೆ ತುಂಬ ಮೀನು, ಆದರೆ ಕೇಜಿಗೆ ಹದಿನೈದು ತೂಗುವ ಮೀನನ್ನು ಏರಿ ಮೇಲೆ ಯಾರು ಕೇಳುತ್ತಾರೆ? ಗುತ್ತಿಗೆ, ಮರಿ, ಕೂಲಿ ಸೇರಿ ಸುಮಾರು ಎರಡು ಲಕ್ಷ ಹಾಕಿದ್ದೆವು, ಬಂದದ್ದು ಎಂಬತ್ತು ಸಾವಿರ ಇರಬಹುದು. ನನ್ನ ಚೀಟಿ ದುಡ್ಡೆಲ್ಲ ಅದರಲ್ಲೇ ಹೋಯಿತು.

ಜಿಲೇಬಿ ಮರಿ ತಿನ್ನುವುದಕ್ಕೆ ಕೊರಮೀನಿಗಿಂತ ಒಳ್ಳೆಯ ಆಳು ಇಲ್ಲ. ಒಣಗುತ್ತಿದ್ದ ಬೇರೊಂದು ಕೆರೆಯಿಂದ ಕೊರಮೀನು ತಂದು, ಕಾಲುವೆ ಬಂದು ಸೇರುವ ಜೊಂಡಿನ ಮೂಲೆಗೆ ಬಿಟ್ಟೆವು. ಎರಡು ಎಕರೆಯಷ್ಟು ಜಾಗ, ಅಲ್ಲಿ ವರ್ಷಪೂರ್ತಿ ಯಾರೂ ಬಲೆ ಹಾಕಬಾರದು. ಮೊದಲು ಬಿದಿರು ಗೂಟ ನೆಟ್ಟು ಹಗ್ಗ ಕಟ್ಟಿದೆವು. ಗೂಟ ಯಾರದೋ ಒಲೆಗೆ ಹೋಯಿತು. ಆಮೇಲೆ ಮೇ ತಿಂಗಳಲ್ಲಿ ನೀರು ಇಳಿದಾಗ ಇಡೀ ಇಡೀ ಜಾಲಿ ಗಿಡಕ್ಕೆ ಕಲ್ಲು ಕಟ್ಟಿ ಮುಳುಗಿಸಿದೆವು. ಕಳ್ಳ ಬಲೆ ಒಂದು ಸಲ ಸಿಕ್ಕಿ ಹರಿದರೆ ಮತ್ತೆ ಅತ್ತ ಬರಲ್ಲ. ಯಾವ ಸಾಲಿನಲ್ಲಿ ಎಲ್ಲೆಲ್ಲಿ ಹಾಕಿದ್ದೇವೆ ಅನ್ನುವುದನ್ನು ಮಾತ್ರ ಕೇಳಬೇಡಿ.

ಮಳೆ ಬಿದ್ದು ಹೊಸ ನೀರು ಬಂದ ಮೇಲೆ ಜೊಂಡಿನ ಸಂದಿ ನೋಡಿ. ತಟ್ಟೆ ಅಗಲದಷ್ಟು ನೀರು ಕುದಿಯುವ ಹಾಗೆ ಕಾಣುತ್ತೆ. ಕೆಂಪು ಕೆಂಪು ಮರಿಗಳ ಗುಂಪು, ಉಸಿರಿಗೆ ಮೇಲೆ ಬಂದು ಒಟ್ಟಿಗೇ ಕೆಳಗಿಳಿಯುತ್ತವೆ. ಅಡಿಯಲ್ಲೇ ತಾಯಿ ತಂದೆ ಕಾವಲು. ಅಲ್ಲಿ ಕಪ್ಪೆ ಕಟ್ಟಿದ ಗಾಳ ಬಿಟ್ಟರೆ ಸಿಟ್ಟಿಗೆ ಕಚ್ಚುತ್ತೆ, ಒಳ್ಳೆ ದಪ್ಪ ಮೀನು ಸಿಗುತ್ತೆ, ಆದರೆ ಕಾವಲಿಲ್ಲದ ಆ ಮರಿಗಳು ಜಿಲೇಬಿಗೆ ತುತ್ತು. ಅದಕ್ಕೇ ಜೂನ್, ಜುಲೈ ಗಾಳವೂ ಬೇಡ ಅಂದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಸಲ್ಲ, ನಾವೂ ಹಾಗೇ ಮಾಡೋಣ ಅಂದರೆ "ಇದೇನು ಮಲ್ಪೆ ಬಂದರಾ?" ಅಂತ ನಕ್ಕರು. ಮನೆ ಖರ್ಚಿಗೆ ಏರಿ ಕಡೆಯಿಂದ ಬೀಸುಬಲೆಯಲ್ಲಿ ಜಿಲೇಬಿ ಹಿಡಿಯಿರಿ ಅಂದ ಮೇಲೆ ಒಪ್ಪಿದರು.

ಕಾಟ್ಲಾ ರೋಹು ಹೇಗೂ ನಿಂತ ನೀರಲ್ಲಿ ಮರಿ ಮಾಡಲ್ಲ, ತಂದೇ ಬಿಡಬೇಕು. ಕೊರಮೀನು ತಿನ್ನದ ಹಾಗೆ ಏರಿ ಕೆಳಗಿನ ಕುಂಟೆಯಲ್ಲಿ ಬೆಳೆಸಿ, ಐದಾರು ಇಂಚು ಆದ ಮೇಲೆ ಕೆರೆಗೆ ಬಿಟ್ಟೆ. ಹಿಂಡಿ, ತೌಡು ಎಲ್ಲರೂ ಹಾಕುತ್ತಾರೆ. ನಾನು ಜೊತೆಗೆ ಇನ್ನೊಂದು ಹಾಕುತ್ತೇನೆ, ಅದು ನನ್ನಲ್ಲೇ ಇರಲಿ. ಬಲೆ ನಾಲ್ಕಿಂಚು ಕಣ್ಣಿನದು, ಅದಕ್ಕಿಂತ ಸಣ್ಣದು ತಂದವರಿಗೆ ದಂಡ.

ಎರಡನೇ ವರ್ಷ ಪೆಟ್ಟು ಬಿತ್ತು. ಪಾಚಿ ದಟ್ಟವಾಗಿತ್ತು, ಮೂರ್ನಾಲ್ಕು ದಿನ ಮೋಡ ಮುಚ್ಚಿತು, ಒಂದು ಬೆಳಗಿನ ಜಾವ ಕಾಟ್ಲಾ ಎಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಎಪ್ಪತ್ತು ಸಾವಿರ ರೂಪಾಯಿಯ ಮೀನು ಹೋಗಿರಬಹುದು. ಕೊರಮೀನು ಮೇಲಿನ ಗಾಳಿ ಕುಡಿದು ಬದುಕುತ್ತೆ, ಅದಕ್ಕೇನೂ ಆಗಲಿಲ್ಲ. ಈಗ ಕಾಟ್ಲಾ ಮೂರು ಕೇಜಿ ಆಗಲಿ ಅಂತ ಕಾಯಲ್ಲ, ಒಂದು ದಾಟಿದ್ದನ್ನು ತೆಗೆಯುತ್ತಾ ಇರುತ್ತೇವೆ.

ನಡುವೆ ಗಿಡಗಂಟಿ ತಿನ್ನುವ ಹುಲ್ಲುಗೆಂಡೆ ಮೀನು ಬಿಟ್ಟು ನೋಡಿದೆ, ನೀರ ಮೇಲೆ ತೇಲುವ ಅಂತರಗಂಗೆ ಕಳೆ ತಿನ್ನಲಿ ಅಂತ. ಅದನ್ನು ಮೂಸಿಯೂ ನೋಡಲಿಲ್ಲ, ನನ್ನ ಜೊಂಡಿನ ಎಳೆ ಚಿಗುರು ಮೇಯ್ದವು. ಹಿಡಿದು ಮಾರಿದೆ, ರುಚಿ ಮಾತ್ರ ಚೆನ್ನಾಗಿದೆ.

ಮೂರನೇ ವರ್ಷ ಜಿಲೇಬಿ ಕೇಜಿಗೆ ನಾಲ್ಕೈದು ತೂಗಿತು, ಏರಿ ಮೇಲೇ ಎಂಬತ್ತು ರೂಪಾಯಿ. ಜೀವಂತ ಕೊರಮೀನಿಗೆ ಪಲಮನೇರು ಕಡೆಯವರು ಡ್ರಮ್ಮು ತಂದು ಮುನ್ನೂರೈವತ್ತು, ಒಮ್ಮೊಮ್ಮೆ ನಾನೂರು ಕೊಟ್ಟರು. ಖರ್ಚು ಕಳೆದು ಸಂಘಕ್ಕೆ ಎರಡೂವರೆ ಲಕ್ಷದ ಹತ್ತಿರ ಉಳಿಯಿತು. ನಮ್ಮ ಸುತ್ತಮುತ್ತ ಇಷ್ಟು ಯಾವ ಸಂಘ ಉಳಿಸಿದೆ, ಹೇಳಿ ನೋಡೋಣ.

ಬೇಸಿಗೆಗೆ ಪೂರ್ತಿ ಒಣಗುವ ಕೆರೆಗೆ ಇದು ಆಗಲ್ಲ. ಜೊಂಡು ಕಿತ್ತು ಚೊಕ್ಕ ಮಾಡಿದ ಕೆರೆಗೂ ಆಗಲ್ಲ. ಮುಳುಗಿಸಿದ ಜಾಲಿ ಎರಡು ವರ್ಷಕ್ಕೆ ಕೊಳೆಯುತ್ತೆ, ಮತ್ತೆ ಹಾಕಬೇಕು. ಟ್ರ್ಯಾಕ್ಟರ್ ಬಾಡಿಗೆ, ಕೂಲಿ ಸೇರಿ ಆರೇಳು ಸಾವಿರ ಆಗುತ್ತೆ, ಹಂಚಿಕೊಳ್ಳುವ ಮೊದಲೇ ಅದನ್ನು ಎತ್ತಿಡಿ, ಆಮೇಲೆ ಕೇಳಿದರೆ ಒಬ್ಬರೂ ಜೇಬಿಗೆ ಕೈ ಹಾಕಲ್ಲ.