ಪಡಸಾಲೆಯಿಂದ ಮೇಲಿನ ಕೋಣೆಗೆ ಒಂದು ವೈರು

ಕೊಪ್ಪಳದಲ್ಲಿ ಮದುವೆ, ಸೀಮಂತ, ಜಾತ್ರೆಗಳ ವಿಡಿಯೊ ತೆಗೆದು ಮನೆಯಲ್ಲೇ ಎಡಿಟ್ ಮಾಡುವುದು ನನ್ನ ಕೆಲಸ. ಹಳೆಯ ಕಂಪ್ಯೂಟರು ಪಡಸಾಲೆಯಲ್ಲಿದೆ, ಅದರಲ್ಲಿ ವಿಂಡೋಸ್ 10. ಹೊಸದನ್ನು ಮೇಲಿನ ಕೋಣೆಯಲ್ಲಿ ಇಟ್ಟೆ, ಅದರಲ್ಲಿ ವಿಂಡೋಸ್ 11. ಹಳೆಯದರ ಹಾರ್ಡ್ ಡಿಸ್ಕಿನಲ್ಲಿ 620 ಜಿಬಿಯಷ್ಟು ವಿಡಿಯೊ ಕೂತಿತ್ತು. ಗವಿಮಠದ ಜಾತ್ರೆಗೆ ನಾನು ವರ್ಷ ವರ್ಷ ಹೋಗಿ ತೆಗೆದ ರಥೋತ್ಸವವೆಲ್ಲ ಅದರಲ್ಲೇ ಇತ್ತು. ಆ ಡಿಸ್ಕು ಆಗಾಗ ಟಕ್ ಟಕ್ ಅನ್ನಲು ಶುರುಮಾಡಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಪೆನ್‌ಡ್ರೈವಿನಲ್ಲಿ ಒಯ್ಯೋಣವೆಂದು ನೋಡಿದೆ. ಒಂದೊಂದು ಫೈಲು 7 ಜಿಬಿ. ಪೆನ್‌ಡ್ರೈವು ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ತೆಗೆದುಕೊಳ್ಳುವುದೇ ಇಲ್ಲ. ಮಾದರಿ ಬದಲಿಸಿಕೊಂಡರೂ 64 ಜಿಬಿಯದನ್ನು ಹಿಡಿದು ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯಬೇಕು. ಹಿಂದೊಮ್ಮೆ ಸಿಸಿ ಕ್ಯಾಮೆರಾದ ದೃಶ್ಯ ತುಂಬಿಡುವ ಡಿವಿಆರ್‌ಗಾಗಿ ಪಡಸಾಲೆಯಿಂದ ಮೇಲಿನ ಕೋಣೆಗೆ ಲ್ಯಾನ್ ವೈರು ಎಳೆಸಿದ್ದೆವು. ಡಿವಿಆರ್ ಹೋಗಿ ವೈರು ಗೋಡೆಯಲ್ಲೇ ಉಳಿದಿತ್ತು. ಅದರ ಎರಡೂ ತುದಿಯನ್ನು ಎರಡು ಕಂಪ್ಯೂಟರಿಗೆ ಚುಚ್ಚಿದರೆ ಮುಗಿಯಿತು ಅಂದುಕೊಂಡೆ. ಮುಗಿಯಲು ಮೂರು ದಿನ ಹಿಡಿಯಿತು.

ಮೊದಲ ದಿನ ಹೋದದ್ದು ಒಂದು ಹಳೆಯ ನಂಬಿಕೆಯಿಂದ. ಎರಡು ಕಂಪ್ಯೂಟರನ್ನು ನೇರ ಜೋಡಿಸಬೇಕಾದರೆ ಒಂದು ತುದಿಯಲ್ಲಿ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್ ವೈರೇ ಬೇಕು, ಸಾದಾ ವೈರು ನಡೆಯುವುದಿಲ್ಲ ಎಂದು ಅಂಗಡಿಯಲ್ಲಿ ಹೇಳಿದರು. ಒಂದು ಕಾಲಕ್ಕೆ ಅದು ನಿಜವೇ. ಕಂಪ್ಯೂಟರಿನಲ್ಲಿ ಈ ವೈರು ಚುಚ್ಚುವ ಹಳೆಯ ನೆಟ್ವರ್ಕ್ ಕಾರ್ಡುಗಳು 1 ಮತ್ತು 2ನೇ ತಂತಿಯಲ್ಲಿ ಕಳಿಸಿ, 3 ಮತ್ತು 6ರಲ್ಲಿ ಕೇಳಿಸಿಕೊಳ್ಳುತ್ತಿದ್ದವು. ಸಾದಾ ವೈರು ಹಾಕಿದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡಿ ಯಾರೂ ಕೇಳಿಸಿಕೊಳ್ಳದಂತಾಗುತ್ತಿತ್ತು. ಈಗಿನ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್ ವೇಗದ) ಕಾರ್ಡುಗಳು ಅದನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಕ್ರಾಸ್ ವೈರಿಗೆಂದು ಕೊಟ್ಟ ದುಡ್ಡು ಹೋಯಿತು.

ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುವ ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಮಾಮಾ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ. ವೈರ್ ಚುಚ್ಚಿದಲ್ಲಿ ಸಣ್ಣ ಲೈಟ್ ಹತ್ತೈತೇನ್ ನೋಡ್ರಿ."

"ಹತ್ತೈತಪಾ, ಎರಡೂ ಕಡೆ ಮಿಣಮಿಣ ಅನ್ನಾಕತ್ತೈತಿ."

"ಹಂಗಾದ್ರ ವೈರಿನ ಮಾತು ಆಮ್ಯಾಲೆ. ನಂಬರ್ ನೋಡ್ರಿ ಈಗ."

ನಂಬರು ಅಂದರೆ ಐಪಿ ವಿಳಾಸ, ನೆಟ್ವರ್ಕಿನಲ್ಲಿ ಕಂಪ್ಯೂಟರಿನ ಮನೆ ನಂಬರು. ಆದೇಶ ಬರೆಯುವ ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆಗೆದು ‘ಐಪಿಕಾನ್ಫಿಗ್’ ಎಂದು ಕೊಟ್ಟೆ. ಹೊಸ ಕಂಪ್ಯೂಟರು ವೈರಿನ ಕಡೆಗೆ 169.254 ಎಂದು ಶುರುವಾಗುವ ನಂಬರು ತೋರಿಸಿತು. ಕಂಪ್ಯೂಟರು ರೂಟರಿಗೆ ಸೇರಿದ್ದರೆ ನಂಬರು ಹಂಚುವುದು ರೂಟರಿನ ಕೆಲಸ. ನೇರ ವೈರಿನಲ್ಲಿ ಹಂಚುವವರು ಯಾರೂ ಇಲ್ಲದ್ದರಿಂದ ಕಂಪ್ಯೂಟರು ತನಗೆ ತಾನೇ ಇಂಥದ್ದೊಂದು ನಂಬರು ಇಟ್ಟುಕೊಳ್ಳುತ್ತದೆ. ಎರಡೂ ಕಡೆ ಹೀಗೇ ಇದ್ದಿದ್ದರೂ ಮಾತುಕತೆ ನಡೆಯುತ್ತಿತ್ತು. ಆದರೆ ಹಳೆಯದರಲ್ಲಿ ಡಿವಿಆರ್ ಕಾಲಕ್ಕೆ ಯಾರೋ ಕೈಯಾರೆ ಬರೆದಿಟ್ಟ 192.168.1.50 ಹಾಗೇ ಉಳಿದಿತ್ತು. ಓಣಿ ಬೇರೆ ಬೇರೆ, ಹೀಗಾಗಿ ಒಬ್ಬರಿಗೊಬ್ಬರು ಕಾಣಲಿಲ್ಲ.

ಹೊಸದಕ್ಕೂ 192.168.1.60 ಎಂದು ಕೊಟ್ಟು ಪಿಂಗ್ ಮಾಡಿದೆ, ಅಂದರೆ ಹಳೆಯದು ಓಗೊಡುತ್ತದೋ ಎಂದು ಕೂಗಿ ನೋಡಿದೆ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂತು. ನಂಬರು ತಪ್ಪಿತೇನೋ ಎಂದು ಬದಲಿಸಿದೆ, ವೈರು ಕಿತ್ತು ಹಾಕಿದೆ, ರೀಸ್ಟಾರ್ಟ್ ಮಾಡಿದೆ. ಅರ್ಧ ದಿನ ಹೋದ ಮೇಲೆ ಆ ಸಾಲನ್ನು ಅಕ್ಷರ ಅಕ್ಷರ ಓದಿದೆ. ‘ರಿಪ್ಲೈ ಫ್ರಮ್ 192.168.1.7’ ಎಂದು ಶುರುವಾಗಿತ್ತು. ಈ 7 ಯಾರು? ನನ್ನದೇ ಹೊಸ ಕಂಪ್ಯೂಟರಿನ ವೈಫೈ! ನಮ್ಮ ಮನೆಯ ರೂಟರು ಹಂಚುವುದೂ 192.168.1 ಸಾಲನ್ನೇ. ವೈರಿಗೂ ಅದೇ ಸಾಲು ಕೊಟ್ಟಿದ್ದರಿಂದ ಕಂಪ್ಯೂಟರಿಗೆ ಒಂದೇ ಊರಿಗೆ ಎರಡು ದಾರಿ ಕಂಡವು, ಅದು ವೈಫೈ ದಾರಿ ಹಿಡಿಯಿತು. ಅಲ್ಲಿ ಹುಡುಕಿದರೆ ಪಡಸಾಲೆಯ ಕಂಪ್ಯೂಟರು ಎಲ್ಲಿ ಸಿಗಬೇಕು?

ವೈರಿಗೆ ಬೇರೆಯದೇ ಸಾಲು ಕೊಟ್ಟೆ. ಹಳೆಯದಕ್ಕೆ 10.10.10.1, ಹೊಸದಕ್ಕೆ 10.10.10.2, ಎರಡಕ್ಕೂ ಓಣಿ ಎಲ್ಲಿಯವರೆಗೆ ಎಂದು ಹೇಳುವ ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಮತ್ತು ಡಿಎನ್‌ಎಸ್ ಖಾನೆಗಳನ್ನು ಖಾಲಿ ಬಿಟ್ಟೆ: ಮೊದಲನೆಯದು ಹೊರಗಿನ ನೆಟ್ಟಿಗೆ ಹೋಗುವ ದಾರಿ, ಎರಡನೆಯದು ವೆಬ್ಸೈಟಿನ ಹೆಸರಿಗೆ ನಂಬರು ಹುಡುಕಿಕೊಡುವುದು. ಗೇಟ್‌ವೇ ತುಂಬಿದರೆ ಇಂಟರ್ನೆಟ್ಟಿಗೆ ಹೋಗಬೇಕಾದದ್ದೂ ಈ ವೈರಿನ ಕಡೆ ತಿರುಗಿ, ವೈಫೈ ಇದ್ದೂ ನೆಟ್ ನಿಲ್ಲುವ ಸಂಭವವಿದೆ.

ಈ ಸಲ ಪಿಂಗ್ ಉತ್ತರ ಬದಲಾಯಿತು: ‘ರಿಕ್ವೆಸ್ಟ್ ಟೈಮ್ಡ್ ಔಟ್’. ಎರಡೂ ಸೋಲಿನ ಮಾತೇ ಎಂದು ಮೊದಲು ಅನಿಸಿತ್ತು. ಅಳಿಯ ವ್ಯತ್ಯಾಸ ಬಿಡಿಸಿ ಹೇಳಿದ, ನನಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ. ನಮ್ಮದೇ ನಂಬರಿನಿಂದ ‘ಅನ್‌ರೀಚಬಲ್’ ಬಂದರೆ ಆ ಮನೆಯೇ ಸಿಕ್ಕಿಲ್ಲ: ವೈರು ನೋಡಬೇಕು, ನಂಬರು ನೋಡಬೇಕು. ‘ಟೈಮ್ಡ್ ಔಟ್’ ಬಂದರೆ ಬಹಳ ಸಲ ಮನೆ ಸಿಕ್ಕಿರುತ್ತದೆ, ಬಾಗಿಲು ತೆಗೆಯುತ್ತಿಲ್ಲ. ಖಾತ್ರಿಗೆ ‘ಎಆರ್‌ಪಿ’ ಎಂದು ಬರೆದು, ಜಾಗ ಬಿಟ್ಟು ಅಡ್ಡಗೀಟಿನ ಜೊತೆ ‘ಎ’ ಸೇರಿಸಿ (arp -a) ಅದೇ ಕಪ್ಪು ಕಿಟಕಿಯಲ್ಲಿ ಕೊಟ್ಟರೆ, ಪಟ್ಟಿಯಲ್ಲಿ 10.10.10.1ರ ಎದುರು ಹಳೆಯ ಕಂಪ್ಯೂಟರಿನ ಕಾರ್ಡಿನ ಸಂಖ್ಯೆ ಕಾಣಿಸಿತು. ಹಾಗಾದರೆ ವೈರೂ ಸರಿ, ನಂಬರೂ ಸರಿ. ಬಾಗಿಲು ಹಾಕಿಕೊಂಡದ್ದು ಹೊರಗಿನಿಂದ ಬರುವ ಸಂಪರ್ಕ ತಡೆಯುವ ಕಾವಲುಗಾರ, ಫೈರ್‌ವಾಲ್.

ಗೇಟ್‌ವೇ ಇಲ್ಲದ ವೈರನ್ನು ವಿಂಡೋಸ್ ಗುರುತಿಸದೆ ‘ಅನ್‌ಐಡೆಂಟಿಫೈಡ್’ ಎಂದು ಬರೆದು, ಬಸ್ ಸ್ಟ್ಯಾಂಡಿನ ವೈಫೈಯಂತೆ ‘ಪಬ್ಲಿಕ್’ ಲೆಕ್ಕಕ್ಕೆ ಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ತೆರೆದು ಎರಡೂ ಕಡೆ ‘ಪ್ರೈವೇಟ್’ ಮಾಡಿದೆ, ಫೈಲ್ ಶೇರಿಂಗ್ ಆನ್ ಮಾಡಿದೆ. ಪಿಂಗ್ ತಕ್ಷಣ ಉತ್ತರ ಕೊಟ್ಟಿತು. ಹಳೆಯದು ರೀಸ್ಟಾರ್ಟ್ ಆದಾಗ ಮತ್ತೆ ‘ಪಬ್ಲಿಕ್’ ಆಗಿತ್ತು, ಮತ್ತೊಮ್ಮೆ ಬದಲಿಸಬೇಕಾಯಿತು. ಫೈರ್‌ವಾಲನ್ನೇ ಪೂರ್ತಿ ಬಂದ್ ಮಾಡಿಬಿಡಿ ಎಂದು ಹೇಳುವವರು ಬಹಳ ಜನ. ಅದು ನನಗೆ ಒಪ್ಪಿಗೆಯಿಲ್ಲ. ಹೊಸ ಕಂಪ್ಯೂಟರು ಇಂಟರ್ನೆಟ್ಟಿನಲ್ಲೂ ಇರುತ್ತದೆ, ಬಂದ್ ಮಾಡಿದ್ದನ್ನು ಮರೆತರೆ ಗಿರಾಕಿಗಳ ಮದುವೆ ವಿಡಿಯೊಗಳಿಗೆ ಕಾವಲೇ ಇರುವುದಿಲ್ಲ.

ಮುಂದಿನ ತೊಡಕು ಪಾಸ್‌ವರ್ಡಿನದು. ಫೋಲ್ಡರ್ ಕಿಟಕಿಯ ಮೇಲಿನ ಪಟ್ಟಿಯಲ್ಲಿ ಎರಡು ಹಿಂಗೀಟು (\\) ಹಾಕಿ 10.10.10.1 ಕೊಟ್ಟೆ, ಹೆಸರು ಮತ್ತು ಪಾಸ್‌ವರ್ಡ್ ಕೇಳಿತು. ಪಡಸಾಲೆಯ ಕಂಪ್ಯೂಟರಿಗೆ ನಾವು ಪಾಸ್‌ವರ್ಡ್ ಇಟ್ಟೇ ಇರಲಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಗೆ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ, ದಿನಾ ಒತ್ತುವ ಪಿನ್ ಕೂಡ ಇಲ್ಲಿ ನಡೆಯುವುದಿಲ್ಲ. ಹಳೆಯದರಲ್ಲಿ ಇದಕ್ಕೆಂದೇ ಒಂದು ಲೋಕಲ್ ಖಾತೆ ಮಾಡಿ, ಪಾಸ್‌ವರ್ಡ್ ಇಟ್ಟು, ವಿಡಿಯೊ ಫೋಲ್ಡರನ್ನು ಓದುವ ಹಕ್ಕು ಮಾತ್ರ ಅದಕ್ಕೆ ಕೊಟ್ಟೆ. ಫೋಲ್ಡರು ತೆರೆಯಿತು.

ಕಾಪಿಗೆ ಹಚ್ಚಿದೆ. ಸೆಕೆಂಡಿಗೆ 11 ಎಂಬಿ. ಅದಕ್ಕಿಂತ ಒಂದಿಷ್ಟೂ ಮೇಲೇಳಲಿಲ್ಲ, ಗೆರೆ ಎಳೆದಂತೆ ನಿಂತಿತ್ತು. ಈ ಲೆಕ್ಕದಲ್ಲಿ 620 ಜಿಬಿಗೆ 15 ಗಂಟೆಯ ಮೇಲೆ. ಟಕ್ ಟಕ್ ಅನ್ನುವ ಡಿಸ್ಕನ್ನು ಅಷ್ಟು ಹೊತ್ತು ಓಡಿಸಲು ನನಗೆ ಧೈರ್ಯವಾಗಲಿಲ್ಲ. ಡಿಸ್ಕು ಸುಸ್ತಾಗಿದ್ದರೆ ವೇಗ ಏರಿಳಿಯುತ್ತಿತ್ತು. 11ರಲ್ಲಿ ಅಲುಗದೆ ನಿಂತರೆ ಅದು 100 ಎಂಬಿಪಿಎಸ್ ಸಂಪರ್ಕದ ಗುರುತು: ಎಂಟು ಬಿಟ್ಟಿಗೆ ಒಂದು ಬೈಟು, ಹೀಗಾಗಿ ಸೆಕೆಂಡಿಗೆ 100 ಮೆಗಾಬಿಟ್ಟನ್ನು 8ರಿಂದ ಭಾಗಿಸಿದರೆ 12.5 ಎಂಬಿ, ಅದರಲ್ಲಿ ಸಾಗಾಟದ ಖರ್ಚು ಕಳೆದರೆ ಹೆಚ್ಚುಕಡಿಮೆ ಇಷ್ಟೇ ಕೈಗೆ ಸಿಗುತ್ತದೆ. ಈಥರ್ನೆಟ್ ಸ್ಟೇಟಸ್ ತೆಗೆದರೆ ಅಲ್ಲೂ 100 ಎಂದೇ ಇತ್ತು. ಕಾರ್ಡುಗಳು ಎರಡೂ ಗಿಗಾಬಿಟ್ಟಿನವು. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಲೈಟು ಹತ್ತಿದ್ದಕ್ಕೆ ವೈರು ಸರಿಯಿದೆ ಅಂದುಕೊಂಡಿದ್ದೆವು. ನಾಲ್ಕೇ ತಂತಿಯಲ್ಲೂ ಲೈಟು ಹತ್ತುತ್ತದೆ.

ಮೇಲಿನ ತುದಿಯ ಕನೆಕ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಏಳು ತಂತಿಗಳ ತಾಮ್ರದ ತುದಿ ಮುಂದಿನ ಗೋಡೆಗೆ ತಾಗಿ ಚುಕ್ಕೆಯಂತೆ ಹೊಳೆಯುತ್ತಿದ್ದವು. ಎಂಟನೆಯದು, ಕಂದು ಬಣ್ಣದ್ದು, ಅಕ್ಕಿಕಾಳಿನ ಅರ್ಧದಷ್ಟು ಹಿಂದೆ ನಿಂತಿತ್ತು. ಮೇಲಿನ ಬಂಗಾರದ ಬಣ್ಣದ ಹಲ್ಲು ಒತ್ತಿದ ಜಾಗದಲ್ಲಿ ಅದರ ಕೆಳಗೆ ತಂತಿಯೇ ಇರಲಿಲ್ಲ.

ತುದಿ ಕತ್ತರಿಸಿ, ಮೇಲಿನ ಸಿಪ್ಪೆ ಒಂದು ಇಂಚು ಸುಲಿದು, ಜಡೆ ಬಿಚ್ಚಿ ಸಾಲಾಗಿ ಹಿಡಿದೆ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೆಳಗಿನ ತುದಿಯಲ್ಲಿದ್ದದ್ದೂ ಇದೇ ಸಾಲು. ಎಂಟನ್ನೂ ಒಂದೇ ಏಟಿಗೆ ಸಮನಾಗಿ ಕತ್ತರಿಸಿ, ಹೊಸ ಕನೆಕ್ಟರಿಗೆ ತಳ್ಳಿ, ಎಂಟೂ ಚುಕ್ಕೆ ಕಂಡ ಮೇಲೆಯೇ ಕ್ರಿಂಪಿಂಗ್ ಟೂಲ್ ಒತ್ತಿದೆ. ಸ್ಟೇಟಸ್‌ನಲ್ಲಿ 1.0 ಜಿಬಿಪಿಎಸ್ ಬಂತು. ಕಾಪಿ 90ರ ಆಸುಪಾಸಿನಲ್ಲಿ ಓಡತೊಡಗಿತು, ಅದೂ ಡಿಸ್ಕಿನ ಮಿತಿ.

ನಡುವೆ ಒಮ್ಮೆ ಹೊಸ ಕಂಪ್ಯೂಟರು ಸ್ಲೀಪಿಗೆ ಹೋಗಿ ಕಾಪಿ ನಿಂತಿತು, ಎರಡರಲ್ಲೂ ಸ್ಲೀಪ್ ತೆಗೆದುಹಾಕಿದೆ. ರಾತ್ರಿ ಹತ್ತಕ್ಕೆ ಎಲ್ಲ ಮುಗಿಯಿತು. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆಗೆದು ಫೈಲುಗಳ ಲೆಕ್ಕ, ಒಟ್ಟು ಬೈಟುಗಳ ಲೆಕ್ಕ ಒಂದೊಂದೇ ಅಂಕಿ ಓದಿ ತಾಳೆ ನೋಡಿದೆ. ಆಮೇಲೆ ಎಲ್ಲಕ್ಕಿಂತ ಹಳೆಯ ಜಾತ್ರೆಯ ಫೈಲನ್ನು ಹೊಸದರಲ್ಲಿ ತೆರೆದೆ. ತೇರು ಎಳೆಯುತ್ತಿದ್ದರು, ಜನ ಉತ್ತತ್ತಿ ಎಸೆಯುತ್ತಿದ್ದರು. ಮೂಲೆಯಲ್ಲಿ ನಮ್ಮವ್ವ ಸೆರಗು ತಲೆಗೆ ಹೊದ್ದು ಕೈಮುಗಿದು ನಿಂತಿದ್ದಳು. ಕೆಳಗೆ ಹೋಗಿ ಮನೆಯವರನ್ನೆಲ್ಲ ಕರೆದೆ.