ನಿವೃತ್ತಿಯ ನಂತರ ಜಲವರ್ಣ: ಕಾಗದದಿಂದ ಆರಂಭಿಸಿ

ಅರವತ್ತು ದಾಟಿದ ಮೇಲೆ ಜಲವರ್ಣ ಚಿತ್ರ ಬರೆಯಲು ಕುಳಿತವರಲ್ಲಿ ಹಲವರು ಕೆಲವೇ ವಾರಗಳಲ್ಲಿ ‘ಇದು ನನ್ನ ಕೈಗೆ ಹತ್ತುವ ವಿದ್ಯೆಯಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅವರು ಬರೆದ ಹಾಳೆಗಳನ್ನು ನೋಡಿದರೆ ತೊಡಕು ಎಲ್ಲಿದೆ ಎಂಬುದು ಬಹಳ ಸಲ ತಕ್ಷಣವೇ ತಿಳಿಯುತ್ತದೆ. ಮೊಮ್ಮಕ್ಕಳ ಡ್ರಾಯಿಂಗ್ ಪುಸ್ತಕದ ತೆಳು ಹಾಳೆ ನೀರು ತಾಗಿದೊಡನೆ ಉಬ್ಬಿ, ಬಣ್ಣವೆಲ್ಲ ತಗ್ಗುಗಳಲ್ಲಿ ನಿಂತು ಕಲೆಗಟ್ಟಿರುತ್ತದೆ. ಎರಡನೆಯ ಸಲ ಬ್ರಷ್ ಆಡಿಸಿದ ಕಡೆ ಕಾಗದದ ಮೇಲ್ಪದರವೇ ಎದ್ದು ಬಂದಿರುತ್ತದೆ. ಹಿಡಿತದಿಂದ ಖರ್ಚು ಮಾಡುತ್ತ ಸಂಸಾರ ನಡೆಸಿದ ತಲೆಮಾರಿಗೆ ‘ಕಲಿಯುವವರೆಗೆ ಅಗ್ಗದ್ದು ಸಾಕು’ ಎನ್ನಿಸುವುದು ಸಹಜ, ಪೆನ್ಸಿಲ್ ಚಿತ್ರದ ಮಟ್ಟಿಗೆ ಆ ಮಾತು ಸರಿಯೂ ಹೌದು. ಜಲವರ್ಣದಲ್ಲಿ ಮಾತ್ರ ಒಳ್ಳೆಯ ಕಾಗದದ ಅಗತ್ಯ ನುರಿತವರಿಗಿಂತ ಹೊಸಬರಿಗೇ ಹೆಚ್ಚು, ಏಕೆಂದರೆ ಕೆಟ್ಟ ಹಾಳೆಯ ಮೇಲೆ ಬರೆಯುವ ಹೊಸಬರಿಗೆ ತಪ್ಪು ತಮ್ಮದೋ ಹಾಳೆಯದೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟು: ಮುನ್ನೂರು ಜಿಎಸ್‌ಎಂ (ಚದರ ಮೀಟರಿಗೆ ಮುನ್ನೂರು ಗ್ರಾಂ) ತೂಕದ, ನೂರಕ್ಕೆ ನೂರು ಹತ್ತಿಯ, ಕೋಲ್ಡ್ ಪ್ರೆಸ್ ಕಾಗದ. ಕೋಲ್ಡ್ ಪ್ರೆಸ್ ಎಂದರೆ ಮೇಲ್ಮೈಯಲ್ಲಿ ಹದವಾದ ತರಿ ಇರುವ ಕಾಗದ. ಹಾಟ್ ಪ್ರೆಸ್ ನುಣುಪಾಗಿರುವುದರಿಂದ ಅದರ ಮೇಲೆ ನೀರನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಕಲಿಯುವವರಿಗೆ ಕಷ್ಟ. ಪುಸ್ತಕದ ರೂಪದಲ್ಲಿ ಕೊಳ್ಳುವುದಕ್ಕಿಂತ 22×30 ಇಂಚಿನ ಪೂರ್ಣ ಹಾಳೆಗಳನ್ನು ಕೊಂಡು, ಪ್ರತಿಯೊಂದನ್ನೂ 11×7.5 ಇಂಚಿನ ಎಂಟು ತುಂಡುಗಳಾಗಿ ಕತ್ತರಿಸಿಕೊಂಡರೆ ಸಾಮಾನ್ಯವಾಗಿ ಖರ್ಚು ಕಡಿಮೆಯಾಗುತ್ತದೆ. ಒಂದು ಬದಿಯಲ್ಲಿ ಅಭ್ಯಾಸ ಕೆಟ್ಟರೆ ಇನ್ನೊಂದು ಬದಿ ಇದ್ದೇ ಇದೆ. ಬರೆಯುವ ಮೊದಲು ತುಂಡಿನ ನಾಲ್ಕೂ ಅಂಚುಗಳನ್ನು ಮಾಸ್ಕಿಂಗ್ ಟೇಪಿನಿಂದ ಒಂದು ಹಲಗೆಗೆ ಅಂಟಿಸಿಕೊಳ್ಳಬೇಕು. ಉಳಿದ ಹಾಳೆಗಳನ್ನು ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯ ಬದಿಯಲ್ಲಿ ಇಡಬಾರದು. ಕಾಗದಕ್ಕೆ ಹಾಕಿರುವ ಸರೇಸಿನಂಥ ಲೇಪ ತೇವದಿಂದ ಕೆಟ್ಟರೆ, ಬಣ್ಣ ಮೇಲೆ ನಿಲ್ಲದೆ ಚುಕ್ಕೆಚುಕ್ಕೆಯಾಗಿ ಒಳಗೆ ಇಂಗಿಬಿಡುತ್ತದೆ. ಹಾಗಾದ ಹಾಳೆಯನ್ನು ಸರಿಪಡಿಸುವುದು ಸುಲಭವಲ್ಲ.

ಬಣ್ಣಗಳ ವಿಷಯದಲ್ಲಿ ಸಲಹೆ ಇದಕ್ಕೆ ವಿರುದ್ಧ: ಕಡಿಮೆ ಕೊಳ್ಳಿ. ಇಪ್ಪತ್ತನಾಲ್ಕು ಬಣ್ಣಗಳ ಪೆಟ್ಟಿಗೆ ಕಣ್ಣಿಗೆ ಹಬ್ಬವಾದರೂ ಬಣ್ಣ ಬೆರೆಸುವ ವಿದ್ಯೆಯನ್ನು ಅದು ಮುಂದೂಡುತ್ತದೆ. ಲೆಮನ್ ಯೆಲ್ಲೋ, ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ ಎಂಬ ನಾಲ್ಕು ಟ್ಯೂಬುಗಳಿಂದ ಮೊದಲ ಕೆಲವು ತಿಂಗಳು ಧಾರಾಳವಾಗಿ ಸಾಗುತ್ತದೆ. ಕ್ಯಾಮೆಲ್ ಬ್ರ್ಯಾಂಡಿನ ಆರ್ಟಿಸ್ಟ್ಸ್ ದರ್ಜೆಯ ಬಣ್ಣವಾದರೆ ಆರಂಭಕ್ಕೆ ಸಾಕು. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಬರುವ ಬೂದುಬಣ್ಣವನ್ನು ನಾನು ವಿಶೇಷವಾಗಿ ಹೆಸರಿಸಲು ಬಯಸುತ್ತೇನೆ. ನೀಲಿ ಹೆಚ್ಚಾದರೆ ಅದು ಜುಲೈ ತಿಂಗಳ ಬೆಂಗಳೂರಿನ ಮೋಡ, ಕಂದು ಹೆಚ್ಚಾದರೆ ಮಳೆಮರದ ಕಾಂಡ, ಎರಡನ್ನೂ ಗಟ್ಟಿಯಾಗಿ ಕಲಸಿದರೆ ಕಪ್ಪಿಗೆ ಸಮೀಪದ ನೆರಳು. ಈ ಒಂದು ಜೋಡಿ ಇದ್ದರೆ ಕಪ್ಪು ಬಣ್ಣದ ಟ್ಯೂಬೇ ಬೇಡ. ಹಸಿರನ್ನೂ ಹಳದಿ ಮತ್ತು ನೀಲಿಗಳಿಂದ ನೀವೇ ಮಾಡಿಕೊಳ್ಳಿ. ಟ್ಯೂಬಿನಿಂದ ನೇರವಾಗಿ ಬಂದ ಹಸಿರು ನಮ್ಮ ಮರಗಳ ಎಲೆಗೆ ಅಷ್ಟಾಗಿ ಒಗ್ಗುವುದಿಲ್ಲ. ಬೆರಳಿನ ಕೀಲು ನೋವಿರುವವರಿಗೆ ಟ್ಯೂಬಿನ ಮುಚ್ಚಳ ತಿರುಗಿಸುವುದು ತ್ರಾಸವಾಗಬಹುದು; ಅಂಥವರು ಪ್ಯಾಲೆಟ್ಟಿನ ಗುಳಿಗಳಿಗೆ ಒಮ್ಮೆಗೇ ಬಣ್ಣ ತುಂಬಿ ಒಣಗಲು ಬಿಟ್ಟರೆ, ಆಮೇಲೆ ಒದ್ದೆ ಬ್ರಷ್ಷಿನಿಂದ ಬೇಕಾದಾಗ ತೆಗೆದುಕೊಳ್ಳಬಹುದು. ಬ್ರಷ್ಷುಗಳು ಮೂರು ಸಾಕು: ಆರು ಮತ್ತು ಹನ್ನೆರಡನೆಯ ನಂಬರಿನ ದುಂಡು ಬ್ರಷ್ಷುಗಳು, ಒಂದು ಇಂಚಿನ ಚಪ್ಪಟೆ ಬ್ರಷ್. ಮೂರೂ ಸಿಂಥೆಟಿಕ್ ಆಗಿರಲಿ.

ಕುಳಿತುಕೊಳ್ಳುವ ಜಾಗವನ್ನು ಯೋಚಿಸಿ ಆರಿಸಬೇಕು. ಉತ್ತರದ ಕಿಟಕಿಯ ಬೆಳಕು ದಿನವಿಡೀ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಅದು ಉತ್ತಮ. ಅಪಾರ್ಟ್‌ಮೆಂಟಿನಲ್ಲಿ ಅಂಥ ಕಿಟಕಿ ಸಿಗದಿದ್ದರೆ, ಬರೆಯುವ ಕೈಯ ನೆರಳು ಹಾಳೆಯ ಮೇಲೆ ಬೀಳದಂತೆ ಬಿಳಿ ಬೆಳಕಿನ ಟೇಬಲ್ ಲ್ಯಾಂಪ್ ಇಟ್ಟುಕೊಳ್ಳಿ. ಹಲಗೆಯ ಹಿಂಬದಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಎತ್ತರಿಸಿದರೆ ಬಣ್ಣವೂ ಸರಾಗವಾಗಿ ಇಳಿಯುತ್ತದೆ, ಕತ್ತು ಬಗ್ಗಿಸಬೇಕಾದ ಕಷ್ಟವೂ ಕಡಿಮೆಯಾಗುತ್ತದೆ. ಕೈ ಸ್ವಲ್ಪ ನಡುಗುವವರು ಬ್ರಷ್ಷನ್ನು ತುದಿಯ ಹತ್ತಿರ ಬಿಗಿಹಿಡಿಯದೆ, ಹಿಡಿಯ ನಡುಭಾಗದಲ್ಲಿ ಹಗುರವಾಗಿ ಹಿಡಿದು, ಮಣಿಕಟ್ಟಿನ ಬದಲು ಭುಜದಿಂದ ತೋಳನ್ನು ಆಡಿಸಿದರೆ ದೊಡ್ಡ ಬ್ರಷ್ಷಿನ ಎಳೆತಗಳು ಚೆನ್ನಾಗಿಯೇ ಬರುತ್ತವೆ; ಜಲವರ್ಣಕ್ಕೆ ಬೇಕಾದದ್ದೂ ಅಂಥ ಎಳೆತಗಳೇ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದ್ದರೆ ಮಸೂರ ಹಳದಿಗಟ್ಟಿ ನೀಲಿ ಬಣ್ಣಗಳು ಮಂಕಾಗಿ ಕಾಣುತ್ತವೆ, ಶಸ್ತ್ರಚಿಕಿತ್ಸೆಯ ನಂತರ ಅವೇ ಬಣ್ಣಗಳು ಇದ್ದಕ್ಕಿದ್ದಂತೆ ಪ್ರಖರವಾಗುತ್ತವೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದಾಗ ಅವರಿಗೂ ಬಣ್ಣಗಳು ಬೇರೆಯಾಗಿ ಕಂಡಿದ್ದವು. ಆದ್ದರಿಂದ ಪ್ಯಾಲೆಟ್ಟಿನ ಪ್ರತಿ ಗುಳಿಯ ಬದಿಯಲ್ಲಿ ಬಣ್ಣದ ಹೆಸರು ಬರೆದಿಡುವುದು ಒಳ್ಳೆಯದು. ಬ್ರಷ್ ತೊಳೆಯುವ ನೀರಿಗೆ ಅಗಲ ಬಾಯಿಯ ಎರಡು ಗಾಜಿನ ಬಾಟಲಿಗಳಿರಲಿ, ಕಾಫಿ ಲೋಟ ಆ ಮೇಜಿನ ಮೇಲೆ ಬರುವುದೇ ಬೇಡ.

ಮೊದಲ ಪಾಠ ಚಿತ್ರವಲ್ಲ, ಒಂದೇ ಬಣ್ಣದ ಸಮನಾದ ವಾಶ್, ಅಂದರೆ ನೀರಾಗಿ ಕಲಸಿದ ಬಣ್ಣವನ್ನು ಹಾಳೆಯ ಮೇಲೆ ತೆಳುವಾಗಿ ಹರಡುವುದು. ಇದಕ್ಕೆ ಸಾಕಷ್ಟು ದಿನ ಕೊಡಿ ಎಂದು ಒತ್ತಿ ಹೇಳುತ್ತೇನೆ. ಅಲ್ಟ್ರಾಮರೀನನ್ನು ತಿಳಿಸಾರಿನಷ್ಟು ತೆಳುವಾಗಿ, ಬೇಕೆನಿಸಿದ್ದಕ್ಕಿಂತ ದುಪ್ಪಟ್ಟು ಪ್ರಮಾಣದಲ್ಲಿ ಕಲಸಿಟ್ಟುಕೊಳ್ಳಿ, ಏಕೆಂದರೆ ನಡುವೆ ಬಣ್ಣ ಮುಗಿದರೆ ಅದೇ ಛಾಯೆಯನ್ನು ಮತ್ತೆ ತರುವುದು ಕಷ್ಟ. ದೊಡ್ಡ ಬ್ರಷ್ಷನ್ನು ತುಂಬಿಕೊಂಡು ಹಾಳೆಯ ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಒಂದು ಪಟ್ಟಿ ಎಳೆದರೆ, ಹಲಗೆ ಓರೆಯಾಗಿರುವುದರಿಂದ ಪಟ್ಟಿಯ ಕೆಳ ಅಂಚಿನಲ್ಲಿ ನೀರು ಉಬ್ಬಿದ ಗೆರೆಯಾಗಿ ನಿಲ್ಲುತ್ತದೆ. ಮುಂದಿನ ಪಟ್ಟಿ ಆ ಗೆರೆಯನ್ನು ತಾಗುವಂತೆ ಎಳೆದಾಗ ನೀರು ಕೆಳಗಿಳಿದು ಹೊಸ ಪಟ್ಟಿಯ ಅಂಚಿಗೆ ಬಂದು ನಿಲ್ಲುತ್ತದೆ. ಹೀಗೆ ಆ ಗೆರೆಯನ್ನು ಒಣಗಲು ಬಿಡದೆ ಕೆಳತುದಿಯವರೆಗೆ ತಂದು, ಅಲ್ಲಿ ಉಳಿದ ನೀರನ್ನು ಹಿಂಡಿದ ಬ್ರಷ್ಷಿನ ತುದಿಯಿಂದ ಹೀರಿಕೊಳ್ಳಬೇಕು. ಆಮೇಲೆ ಕೈ ಹಿಂದಕ್ಕೆ ತೆಗೆಯಿರಿ. ನಡುವೆ ಎಲ್ಲೋ ಬಿಳಿ ಚುಕ್ಕೆ ಉಳಿದಿದೆ ಎಂದು ಅರೆ ಒಣಗಿದ ಕಡೆ ಮತ್ತೆ ಬ್ರಷ್ ಇಟ್ಟರೆ, ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನ ಅಂಚಿನಂಥ ಕಲೆ ಮೂಡುತ್ತದೆ. ಹಾಳೆ ಮಿರುಗುತ್ತಿರುವಾಗ ಬಣ್ಣ ಸೇರಿಸಬಹುದು, ಪೂರ್ತಿ ಒಣಗಿದ ಮೇಲೂ ಸೇರಿಸಬಹುದು, ಮಿರುಗು ಅಳಿದು ತೇವ ಉಳಿದಿರುವ ನಡುವಿನ ಹೊತ್ತಿನಲ್ಲಿ ಮಾತ್ರ ಮುಟ್ಟಬಾರದು. ಒಣಗಿದೆಯೋ ಇಲ್ಲವೋ ತಿಳಿಯಲು ಬೆರಳಿನ ಹಿಂಬದಿಯನ್ನು ಹಾಳೆಗೆ ಮೆತ್ತಗೆ ತಾಗಿಸಿ ನೋಡಿ. ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಯಲ್ಲಿ ಹಾಳೆಯ ಮಿರುಗು ಬೇಗ ಅಳಿದುಹೋಗುತ್ತದೆ, ಆಗ ಫ್ಯಾನ್ ಆರಿಸಿ ಬರೆಯಬೇಕು. ಮಳೆಗಾಲದಲ್ಲಿ ಅದೇ ವಾಶ್ ಬಹಳ ಹೊತ್ತು ಹಸಿಯಾಗಿಯೇ ಇರುತ್ತದೆ.

ವಾಶ್ ಹದಕ್ಕೆ ಬಂದ ಮೇಲೆ ಒಂದು ನಿಂಬೆಹಣ್ಣನ್ನು ಬಿಳಿ ತಟ್ಟೆಯಲ್ಲಿಟ್ಟು, ಒಂದೇ ಬದಿಯಿಂದ ಬೆಳಕು ಬೀಳುವಂತೆ ಕಿಟಕಿಯ ಬಳಿ ಇರಿಸಿ. ಜಲವರ್ಣದಲ್ಲಿ ಬಿಳಿ ಎಂದರೆ ಬರಿದಾಗಿ ಬಿಟ್ಟ ಕಾಗದ. ಹಣ್ಣಿನ ಮೇಲೆ ಬೆಳಕು ಮಿನುಗುವ ಜಾಗವನ್ನು ಮೊದಲೇ ಗುರುತಿಸಿ, ಅದನ್ನು ಬಿಟ್ಟು ಉಳಿದೆಡೆ ತೆಳು ಹಳದಿ ಹಚ್ಚಬೇಕು. ಅದು ಹಸಿಯಾಗಿರುವಾಗಲೇ ನೆರಳಿನ ಬದಿಗೆ ಇನ್ನಷ್ಟು ಗಟ್ಟಿ ಹಳದಿಯನ್ನೂ, ಎಳ್ಳಿನಷ್ಟು ಬರ್ನ್ಟ್ ಸಿಯೆನ್ನಾವನ್ನೂ ಬಿಡಿ. ತಟ್ಟೆಯ ಮೇಲಿನ ನೆರಳನ್ನು ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದ ಆ ಬೂದುಬಣ್ಣದಿಂದ ಹಣ್ಣಿನ ಬುಡಕ್ಕೆ ತಾಗುವಂತೆ ಹಾಕಿದರೆ, ಹಳದಿ ಒಂದಿಷ್ಟು ನೆರಳಿನೊಳಕ್ಕೆ ಹರಿದು ಹಣ್ಣು ತಟ್ಟೆಯ ಮೇಲೆ ನಿಜವಾಗಿ ಕುಳಿತಂತೆ ಕಾಣುತ್ತದೆ. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ, ಹಚ್ಚುವಾಗ ಸ್ವಲ್ಪ ಗಾಢವೆನಿಸುವಂತೆ ಹಚ್ಚುವ ಧೈರ್ಯ ಬೇಕು.

ಆಮೇಲೆ ಮನೆಯಿಂದ ಹೊರಗೆ ಹೋಗಿ. ಚಳಿಗಾಲ ಕಳೆಯುವ ಹೊತ್ತಿಗೆ ಟಬೆಬುಯಾ, ನಂತರ ಜಕರಂಡ, ಏಪ್ರಿಲ್–ಮೇನಲ್ಲಿ ಗುಲ್‌ಮೊಹರ್ ಎಂದು ಸರದಿಯಲ್ಲಿ ಹೂ ಬಿಡುವ ಮರಗಳಿರುವ ಊರು ಜಲವರ್ಣ ಕಲಿಯುವವರಿಗೆ ದೊಡ್ಡ ಭಾಗ್ಯ. ಬೆಳಗಿನ ಹೊತ್ತು ಕಬ್ಬನ್ ಪಾರ್ಕಿನಲ್ಲೋ ಲಾಲ್‌ಬಾಗಿನಲ್ಲೋ ಬೆನ್ನಿಗೆ ಆಸರೆಯಿರುವ ಬೆಂಚಿನ ಮೇಲೆ ಕುಳಿತು, ಹೂವುಗಳನ್ನು ಒಂದೊಂದಾಗಿ ಬರೆಯಲು ಹೋಗದೆ, ಕಣ್ಣು ಕಿರಿದು ಮಾಡಿ ಇಡೀ ಮರದ ತಲೆಯನ್ನು ಬೆಳಕು ಮತ್ತು ನೆರಳಿನ ಎರಡು ರಾಶಿಗಳಾಗಿ ನೋಡಬೇಕು. ಇದೇ ಮರಗಳನ್ನು ಜೀವಮಾನದ ವಸ್ತುವಾಗಿಸಿಕೊಂಡವರು ರುಮಾಲೆ ಚೆನ್ನಬಸವಯ್ಯ (1910–1988). ಸ್ವಾತಂತ್ರ್ಯ ಹೋರಾಟದಲ್ಲೂ ರಾಜಕೀಯದಲ್ಲೂ ವರ್ಷಗಳನ್ನು ಕಳೆದು, ನಡುವಯಸ್ಸು ದಾಟುವ ಹೊತ್ತಿಗೆ ಪೂರ್ತಿಯಾಗಿ ಚಿತ್ರಕಲೆಗೆ ಮರಳಿದ ಅವರ ಕೃತಿಗಳನ್ನು ಅವಕಾಶ ಸಿಕ್ಕಾಗ ತಪ್ಪದೆ ನೋಡಿ. ನೀಲಗಿರಿಯ ಮಂಜನ್ನೂ ಬೆಳಕನ್ನೂ ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪ ಅವರ ಹೆಸರಿನ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿದೆ. ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗುವುದು ಮೇಲು. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ತಮ್ಮ ಚಿತ್ರಗಳ ಪಕ್ಕದಲ್ಲೇ ಕುಳಿತಿರುತ್ತಾರೆ. ಯಾವ ಕಾಗದ ಬಳಸಿದಿರಿ, ಆಕಾಶವನ್ನು ಒಂದೇ ಸಲಕ್ಕೆ ಹಾಕಿದಿರಾ ಎಂದು ಕೇಳಿದರೆ ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಜನಜಂಗುಳಿ ಹೆಚ್ಚಿರುವುದರಿಂದ ಹಿರಿಯರು ಬೆಳಿಗ್ಗೆಯೇ ಹೋಗಿ ಬರಬೇಕು.

ತರಗತಿಗೆ ಸೇರುವುದಾದರೆ, ಮಕ್ಕಳ ಜೊತೆ ಕೂರಿಸದೆ ವಯಸ್ಕರಿಗೆ ಪ್ರತ್ಯೇಕ ವೇಳೆ ಕೊಡುವ, ನಿಮ್ಮ ಹಾಳೆಯ ಮೇಲೆ ತಾವೇ ಬರೆದು ಸರಿಪಡಿಸದ ಶಿಕ್ಷಕರನ್ನು ಹುಡುಕಿಕೊಳ್ಳಿ. ಬರೆದ ಚಿತ್ರ ಚೆನ್ನಾಗಿರಲಿ, ಇಲ್ಲದಿರಲಿ, ಹಿಂಬದಿಯಲ್ಲಿ ತಾರೀಖನ್ನೂ ಬಳಸಿದ ಬಣ್ಣಗಳನ್ನೂ ಪೆನ್ಸಿಲಿನಿಂದ ಬರೆದಿಡಬೇಕು. ಗೋಡೆಗೆ ಹಾಕುವ ಚಿತ್ರಕ್ಕೆ ಕಟ್ಟು ಹಾಕಿಸುವಾಗ, ಗಾಜು ಚಿತ್ರಕ್ಕೆ ನೇರವಾಗಿ ತಾಗದಂತೆ ನಡುವೆ ಮೌಂಟ್ ಬೋರ್ಡ್ ಇಡಿಸಿ, ಇಲ್ಲವಾದರೆ ಮಳೆಗಾಲದ ತೇವ ಒಳಗೆ ನಿಂತು ಬೂಷ್ಟು ಹಿಡಿಯುತ್ತದೆ. ನೇರ ಬಿಸಿಲು ಬೀಳುವ ಗೋಡೆಯನ್ನು ಆರಿಸಬೇಡಿ. ಕ್ರಿಮ್ಸನ್ ಜಾತಿಯ ಕೆಲವು ಕೆಂಪುಗಳು ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಮಾಸುತ್ತವೆ.