ಒಂದೇ ಸೀರೆ, ಮೂರು ವರ್ಷದ ಭರತನಾಟ್ಯದ ಉಡುಪು

ಬೆಳೆಯುವ ಹುಡುಗಿಗೆ ಅಳತೆಗೆ ಸರಿಯಾಗಿ ಹೊಲಿದ ಉಡುಪು ಎರಡನೇ ವರ್ಷಕ್ಕೇ ಗಿಡ್ಡವಾಗುತ್ತದೆ. ಬಿಚ್ಚಿ ಉದ್ದ ಮಾಡೋಣವೆಂದರೆ ಹೊಲಿಯುವವರು ಒಪ್ಪುವುದಿಲ್ಲ. ರೇಷ್ಮೆಯಲ್ಲಿ ಸೂಜಿಯ ತೂತು ಉಳಿಯುತ್ತದೆ, ಮಡಚಿಟ್ಟ ಭಾಗದ ಬಣ್ಣ ಬೇರೆಯಾಗಿ ಕಾಣುತ್ತದೆ ಎನ್ನುತ್ತಾರೆ. ಎರಡೂ ನಿಜ. ಅದಕ್ಕೇ ಮುಂದೆ ಬಿಚ್ಚಬೇಕಾದ ಹೊಲಿಗೆಗಳನ್ನೆಲ್ಲ ಸೊಂಟಕ್ಕೆ ಕಟ್ಟುವ ಡಾಬಿನ ಅಡಿಗೆ, ಸೊಂಟದ ಕೆಳಗೆ ಹಿಂಬದಿ ಮುಚ್ಚುವ ಸೀಟ್ ಪೀಸಿನ ಅಡಿಗೆ, ಕಂಕುಳಿಗೆ ತಳ್ಳಿದೆ. 10ರ ವಯಸ್ಸಿಗೆ ಹೊಲಿದದ್ದು 13ಕ್ಕೂ ವೇದಿಕೆ ಹತ್ತುತ್ತಿದೆ. ಆಗುವುದಿಲ್ಲ ಎಂದವರೇ ಈಗ ಒಳಗೆ ತಿರುಗಿಸಿ ನೋಡುತ್ತಾರೆ.

ಈ ವಯಸ್ಸಿನಲ್ಲಿ ವರ್ಷಕ್ಕೆ ಎರಡು, ಎರಡೂವರೆ ಅಂಗುಲ ಎತ್ತರ ಹೆಚ್ಚುತ್ತದೆ. ಅರ್ಧ ಕಾಲಿಗೇ ಹೋಗುತ್ತದೆ ಎಂದುಕೊಳ್ಳಿ. ಹಾಗಾಗಿ ಪೈಜಾಮಕ್ಕೆ 3 ಅಂಗುಲ ಹೆಚ್ಚುವರಿ ಬೇಕು. ಮೊದಲ ಸಲ ಅದನ್ನೆಲ್ಲ ಸೊಂಟದಲ್ಲೇ ಮಡಚಿ ಕೆಟ್ಟೆ. ಬಿಚ್ಚಿದಾಗ ಕಾಲ್ಸಂದಿ ಕೆಳಗಿಳಿದು, ಮಂಡಿ ಹೊರಕ್ಕೆ ಬಾಗಿಸಿ ಅರೆಮಂಡಿಗೆ ಕೂತರೆ ಎರಡು ತೊಡೆಗೂ ಬಟ್ಟೆ ಎಳೆಯಿತು. ಒಂದೂಕಾಲು ಮೀಟರ್ ರೇಷ್ಮೆ, ಅಂದಾಜು 1,200 ರೂಪಾಯಿ, ಹಾಳಾಯಿತು. ಸೊಂಟದಲ್ಲಿ ಸಡಿಲ ಬಿಟ್ಟರೆ ಕಾಲು ಉದ್ದವಾಗುವ ಮೊದಲು ಕಾಲ್ಸಂದಿ ಜೋಲುತ್ತದೆ ಅಷ್ಟೆ.

ಎರಡನೇ ಸಲ ಪೈಜಾಮದ ಮೇಲ್ಭಾಗಕ್ಕೆ ರೇಷ್ಮೆಯನ್ನೇ ಹಾಕಲಿಲ್ಲ. ಸೊಂಟದಿಂದ 11 ಅಂಗುಲದವರೆಗೆ ಅದೇ ಬಣ್ಣದ ಹತ್ತಿ ಬಟ್ಟೆ, ಅಲ್ಲಿಂದ ಕೆಳಗೆ ಸೀರೆ. ಕಾಲ್ಸಂದಿ ಒಂಬತ್ತೂವರೆಗೆ ಬರುತ್ತದೆ. ಅದಕ್ಕೂ ರೇಷ್ಮೆಯ ಜೋಡಣೆಗೂ ನಡುವೆ ಹತ್ತಿಯಲ್ಲೇ ತಲಾ ಒಂದೂವರೆ ಅಂಗುಲ ನುಂಗುವ ಎರಡು ಅಡ್ಡ ಟಕ್ (ಮಡಚಿ ಹೊಲಿದ ಪಟ್ಟು) ಹಿಡಿದೆ. ತೂತು ಬಿದ್ದರೂ ಹತ್ತಿಗೆ ಬೀಳುತ್ತದೆ, ಕಾಲ್ಸಂದಿ ಕದಲುವುದಿಲ್ಲ. ಆದರೆ ಎರಡೂ ಟಕ್ ಬಿಚ್ಚಿದ ಮೇಲೆ ಜೋಡಣೆ 14 ಅಂಗುಲಕ್ಕೆ ಇಳಿಯುತ್ತದಲ್ಲ, ಅದನ್ನು ಮುಚ್ಚಲು ಸೀಟ್ ಪೀಸನ್ನು 15 ಅಂಗುಲಕ್ಕೆ ಕತ್ತರಿಸಿ 3 ಅಂಗುಲವನ್ನು ಸೊಂಟದ ಪಟ್ಟಿಯ ಒಳಗೆ ಮಡಚಬೇಕು. ಒಳತೊಡೆಯನ್ನು ಫ್ಯಾನ್, ಅಂದರೆ ಮುಂದೆ ಕಾಲುಗಳ ನಡುವೆ ಬೀಸಣಿಗೆಯಂತೆ ಬಿಚ್ಚುವ ನೆರಿಗೆ, ಮುಚ್ಚುತ್ತದೆ. ಪೂರ್ತಿ ಕೆಳಗೆ ಕೂರುವ ಮುಳುಮಂಡಿಯಲ್ಲಿ ಹರಿಯದಂತೆ ಕಾಲ್ಸಂದಿಗೆ ಚೌಕದ ತುಂಡು ಕೂರಿಸುತ್ತೇನೆ. ಅದರ ಓರೆ ಎಷ್ಟೆಂಬುದನ್ನು ಮಾತ್ರ ಬರೆಯುವುದಿಲ್ಲ, ಐದಾರು ಪೈಜಾಮ ಕೆಡಿಸಿ ಕಲಿತದ್ದು.

ಫ್ಯಾನ್‌ಗೆ ಸೆರಗಿನ ಕಡೆಯ ಒಂದು ಮೀಟರ್ ಬಟ್ಟೆ, ಒಂದೂಕಾಲು ಅಂಗುಲದ 15 ನೆರಿಗೆ. ಹೆಚ್ಚಿನ ಉದ್ದವನ್ನು ಮೇಲೆ ಮಡಚಿದರೆ ಹೊಟ್ಟೆಯ ಮೇಲೆ ಗಂಟಿನಂತೆ ಉಬ್ಬುತ್ತದೆ, 14ನೇ ನಂಬರ್ ಸೂಜಿಯೂ ಮುರಿಯುತ್ತದೆ. ಮಡಚದೆ ನೆರಿಗೆಯನ್ನು ಮೇಲಿನ ತುದಿಯವರೆಗೂ ಹಿಡಿದು, ಪಟ್ಟಿಯನ್ನು ತುದಿಯಿಂದ 2 ಅಂಗುಲ ಕೆಳಗೆ ಕೈಯಲ್ಲೇ ಹೊಲಿಯಿರಿ. ಉಳಿದದ್ದು ರವಿಕೆಯ ಅಡಿಯಲ್ಲಿ ನೆಟ್ಟಗೆ ಕೂರುತ್ತದೆ. ವರ್ಷಕ್ಕೊಂದು ಅಂಗುಲ ಪಟ್ಟಿ ಮೇಲೇರಿಸಿ. ಡಾಬಿನ ಅಗಲ 2 ಅಂಗುಲ, ಆದ್ದರಿಂದ ಇಲ್ಲಿ ಅದಕ್ಕಿಂತ ಹೆಚ್ಚು ಆಸೆಪಟ್ಟರೆ ಹಳೇ ತೂತು ಹೊರಗೆ ಕಾಣುತ್ತದೆ.

ನೆರಿಗೆ ನಿಲ್ಲಲಿ ಎಂದು ವಿನೆಗರ್ ನೀರು ಚಿಮುಕಿಸಿ ಇಸ್ತ್ರಿ ಮಾಡಿಯೂ ನೋಡಿದೆ. ನೆರಿಗೆ ಚೆನ್ನಾಗಿಯೇ ನಿಂತಿತು, ಆದರೆ ತಾಮ್ರದೆಳೆಯ ಇಮಿಟೇಶನ್ ಜರಿ ಕೆಲವೇ ದಿನದಲ್ಲಿ ಕಪ್ಪಾಯಿತು. ಈಗ ಬರೀ ಹಬೆ, ಮೇಲೆ ಹತ್ತಿ ಬಟ್ಟೆ, ಪೂರ್ತಿ ಆರುವವರೆಗೆ ಹಲಗೆಯ ಭಾರ. ಹಿಂಬದಿಗೆ ನೆರಿಗೆ ಹಿಡಿದಿಡಲು ಎಲಾಸ್ಟಿಕ್ ಹಾಕಿದ್ದೂ ಆಯಿತು. ಅರೆಮಂಡಿಯಿಂದ ಎದ್ದಾಗ ಫ್ಯಾನ್ ತಾನೇ ಮುಚ್ಚುತ್ತದೆ ನಿಜ, ನಿಂತಾಗ ನಡುವೆ ಸುಕ್ಕು ಬೀಳುತ್ತದೆ. ಕಾಲಂಗುಲದ ಹತ್ತಿ ನಾಡಾವೇ ವಾಸಿ. ಅದನ್ನು ಮೊಣಕಾಲಿನ ಮಟ್ಟದಲ್ಲಿ ಪ್ರತಿ ಹಿಂನೆರಿಗೆಗೂ ಎರಡೆರಡು ಕೈಹೊಲಿಗೆ ಹಾಕಿ ಕೂಡಿಸಬೇಕು.

ರವಿಕೆಯ ಪಕ್ಕಗಳಲ್ಲಿ ಒಂದೂವರೆ ಅಂಗುಲ ಬಿಟ್ಟಿದ್ದೆ. ಕಂಕುಳಿನ ತಿರುವಿನಲ್ಲಿ ಅಷ್ಟು ಬಟ್ಟೆ ಮುದುಡುತ್ತದೆ, ಕತ್ತರಿಯಿಂದ ಕಚ್ಚು ಹಾಕಿದರೆ ಮುಂದೆ ಬಿಡಿಸಲು ಬಾರದು. ಅಲ್ಲಿ ಬೇರೆ ತುಂಡು ಜೋಡಿಸಿ ಸರಿಮಾಡಿದೆ. ಬೆವರಿಗೆ ಹೊರಗಿನ ಬಣ್ಣ ಮಾಸಿ, ಬಿಡಿಸಿದಾಗ ಗಾಢ ಗೆರೆ ಕಂಡೇ ಕಂಡಿತು. ಎಡಗಡೆಯದನ್ನು ಮೇಲಿನ ದಾವಣಿ ಮುಚ್ಚಿತು, ಬಲಗಡೆ ಸೀರೆಯ ಅಂಚಿನ ಪಟ್ಟಿ ಹೊಲಿದೆ. ಇದಕ್ಕೆಂದೇ ಮೊದಲೇ ಅರ್ಧ ಮೀಟರ್ ಅಂಚು ಎತ್ತಿಟ್ಟಿರಬೇಕು.

ಲೈನಿಂಗನ್ನು ರಾತ್ರಿಯಿಡೀ ನೆನೆಸಿ ಒಣಗಿಸದೆ ಕತ್ತರಿ ಹಾಕಬೇಡಿ. ನಾನು ತಂದದ್ದು ಮೀಟರಿಗೆ ಒಂದೂವರೆ ಅಂಗುಲದಷ್ಟು ಕುಗ್ಗಿತು. ಹೊಲಿದ ಮೇಲೆ ಕುಗ್ಗಿದ್ದರೆ ರೇಷ್ಮೆಯೆಲ್ಲ ಗುಳ್ಳೆಗುಳ್ಳೆಯಾಗಿ ಏಳುತ್ತಿತ್ತು.

ಖರ್ಚು: ಚಿಕ್ಕಪೇಟೆಯಲ್ಲಿ ತಂದ ಸೀರೆ 5,000ದ ಆಸುಪಾಸು, ಲೈನಿಂಗ್, ಕ್ಯಾನ್ವಾಸ್, ಹುಕ್ಕು ಎಲ್ಲ ಸೇರಿ 700–800. ಹಾಳಾದ ಪೈಜಾಮ ಸೇರಿಸಿದರೂ 7,000. ಹೊರಗೆ ಕೊಟ್ಟಿದ್ದರೆ ಬರೀ ಹೊಲಿಗೆ ಕೂಲಿಯೇ ಒಂದಕ್ಕೆ ನಾಲ್ಕೈದು ಸಾವಿರ, ಮೂರು ವರ್ಷಕ್ಕೆ ಎರಡಾದರೂ ಬೇಕಿತ್ತು. ಪೈಜಾಮದ ಎರಡನೇ ಟಕ್ ಇನ್ನೂ ಬಿಚ್ಚಿಲ್ಲ.